ಅಚ್ಚಿಗೆ ಅಶ್ವಶಕ್ತಿ ಗೊತ್ತಿಲ್ಲ

"ಅಣ್ಣ, ಇಂಜಿನ್ 600 ದಾಟಿತು. ಇನ್ನು ಹಿಂದಿನ ಅಚ್ಚು ತೆಗೆಸಿ ಒಂಬತ್ತು ಇಂಚಿನದು ಹಾಕಿಸಲೇಬೇಕಂತೆ."

"ಯಾರು ಹೇಳಿದರು?"

"ಎಲ್ಲರೂ."

ಡೆಟ್ರಾಯಿಟ್ ಸೀಮೆಯಲ್ಲಿ ನೆಲೆಸಿರುವ ನಮ್ಮ ಕನ್ನಡದ ಹುಡುಗನೊಬ್ಬ ವುಡ್‌ವರ್ಡ್ ಅವೆನ್ಯೂ ಪಕ್ಕದಲ್ಲಿ ನಿಂತು ನನಗೆ ಹೇಳಿದ ಮಾತು ಇದು. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಎಂಬ ಕಾರುಗಳ ಮೆರವಣಿಗೆಯ ದಿನ, ಆಗಸ್ಟ್ ತಿಂಗಳ ಬಿಸಿಲು. ಕಣ್ಣು ಹಾಯುವಷ್ಟು ದೂರ ಹಳೆಯ ಮಸ್ಟಾಂಗ್, ಕಮಾರೊ, ಚಾರ್ಜರ್‌ಗಳ ಸಾಲು. ಅವನದು 2001ರ ಶೆವ್ರೊಲೆ ಕಮಾರೊ, ಇಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿ 600 ಅಶ್ವಶಕ್ತಿ ಮಾಡಿಸಿದ್ದಾನೆ. ಅವನು ಹೇಳಿದ "ಎಲ್ಲರೂ" ಎಂಬ ಮಾತು ನಿಜ. ಅಮೆರಿಕದ ಯಾವ ಗ್ಯಾರೇಜಿನ ಮುಂದೆ ನಿಂತು ಕೇಳಿದರೂ ಇದೇ ಉತ್ತರ ಬರುತ್ತದೆ. ಇಂಜಿನ್ 400 ಮುಟ್ಟಿದರೆ ಇಂಥ ಅಚ್ಚು, 500 ದಾಟಿದರೆ ಇಂಥದ್ದು, 600 ಆದರೆ ಫೋರ್ಡ್ ಕಂಪನಿಯ ಒಂಬತ್ತು ಇಂಚಿನದು. ಅದರ ಮೇಲೆ ಪ್ರಶ್ನೆಯೇ ಇಲ್ಲ. ನಾನು ಈ ಮಾತನ್ನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಲೆಕ್ಕ ಹಾಕಿ ತೋರಿಸಲು ಈ ಲೇಖನ ಬರೆಯುತ್ತಿದ್ದೇನೆ.

ವಿಷಯಕ್ಕೆ ಹೊಸಬರಾದವರಿಗೆ ಎರಡು ಮಾತು. ನಮ್ಮ ಲಾರಿಗಳಲ್ಲಿ ಇರುವಂತೆ ಈ ಕಾರುಗಳಲ್ಲೂ ಇಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳದು. ಗೇರ್‌ಬಾಕ್ಸಿನಿಂದ ಹೊರಟ ಉದ್ದನೆಯ ಶಾಫ್ಟು ಹಿಂದಿನ ಹೌಸಿಂಗಿನೊಳಗಿನ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಕ್ರೌನ್ ಡಿಫರೆನ್ಷಿಯಲ್ಲನ್ನೂ, ಅದು ಎಡಬಲದ ಆಕ್ಸಲ್ ಶಾಫ್ಟುಗಳನ್ನೂ, ಅವು ಚಕ್ರಗಳನ್ನೂ ತಿರುಗಿಸುತ್ತವೆ. ನಮ್ಮ ಲಾರಿ ಗ್ಯಾರೇಜುಗಳಲ್ಲಿ "ಕ್ರೌನ್ ಪಿನಿಯನ್ ಹೋಯಿತು" ಎಂದಾಗ ಮಾಲೀಕನ ಮುಖ ಬಾಡುತ್ತದಲ್ಲ, ಅದೇ ಕ್ರೌನ್, ಅದೇ ಪಿನಿಯನ್. ಇವೆಲ್ಲವನ್ನೂ ಹೊತ್ತ ಹಿಂದಿನ ಇಡೀ ಜೋಡಣೆಯನ್ನು ಇಲ್ಲಿ ಅಚ್ಚು ಎಂದು ಕರೆಯುತ್ತೇನೆ. "ಒಂಬತ್ತು ಇಂಚು" ಎಂದರೆ ಕ್ರೌನಿನ ವ್ಯಾಸ.

ಮೊದಲು ಪೂರ್ವಪಕ್ಷ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ಖಂಡಿಸಬೇಕು ಎಂಬುದು ನಮ್ಮ ಹಿರಿಯರ ಶಾಸ್ತ್ರಕ್ರಮ. ಅವರ ವಾದ ಹೀಗಿದೆ: ಕಾರ್ಖಾನೆ ಒಂದು ಕಾರಿಗೆ ಅಚ್ಚು ಕೊಡುವಾಗ ಅದರ ಮೂಲ ಇಂಜಿನ್ನಿಗೆ ಸಾಕಾಗುವಷ್ಟೇ ಬಲ ಇಟ್ಟಿರುತ್ತದೆ. ಇಂಜಿನ್ನಿನ ಶಕ್ತಿ ಎರಡರಷ್ಟಾದರೆ ಅಚ್ಚಿನ ಮೇಲೂ ಹೊರೆ ಎರಡರಷ್ಟು. ಒಡೆದಮೇಲೆ ಪರಿತಪಿಸುವ ಬದಲು ಮೊದಲೇ ಎಲ್ಲಕ್ಕಿಂತ ದೊಡ್ಡದನ್ನು ಹಾಕಿಸಿಬಿಟ್ಟರೆ ಜೀವಮಾನಕ್ಕೆ ಚಿಂತೆಯಿಲ್ಲ. ಫೋರ್ಡಿನ ಒಂಬತ್ತು ಇಂಚಿನ ಅಚ್ಚು 1957ರ ಮಾದರಿಗಳಲ್ಲಿ ಬಂದು 1986ರವರೆಗೆ ತಯಾರಾಯಿತು. ನಾಸ್ಕಾರ್ ಪಂದ್ಯಗಳಲ್ಲೂ ನೇರ ಪಟ್ಟೆಯಲ್ಲಿ ಕಾಲು ಮೈಲಿ ಓಡುವ ಡ್ರ್ಯಾಗ್ ಪಂದ್ಯಗಳಲ್ಲೂ ದಶಕಗಳ ಕಾಲ ದುಡಿದು ಹೆಸರು ಮಾಡಿತು. ಅದರ ಬಿಡಿಭಾಗ ಎಲ್ಲೆಡೆ ಸಿಗುತ್ತವೆ. ಆದ್ದರಿಂದ ಅದೇ ಉತ್ತರ.

ಕೇಳಲು ಇದು ಸರಿಯಾಗಿಯೇ ಇದೆ. ಆದರೆ ಇದರ ಬುಡದಲ್ಲಿರುವ ಎರಡನೆಯ ಮಾತು, "ಶಕ್ತಿ ಎರಡರಷ್ಟಾದರೆ ಹೊರೆ ಎರಡರಷ್ಟು" ಎಂಬುದು, ತಪ್ಪು. ಬುಡ ಹೋದರೆ ಮೇಲಿನದೆಲ್ಲ ಬೀಳುತ್ತದೆ.

ಅಶ್ವಶಕ್ತಿ ಎಂಬುದು ಎರಡು ಸಂಖ್ಯೆಗಳ ಗುಣಲಬ್ಧ: ಇಂಜಿನ್ ತಿರುಚುವ ಬಲ, ಅಂದರೆ ಟಾರ್ಕ್, ಮತ್ತು ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು. ಒಂದೇ ಟಾರ್ಕನ್ನು 3,000 ಸುತ್ತಿನಲ್ಲಿ ಕೊಡುವ ಇಂಜಿನ್ನಿಗಿಂತ 6,000 ಸುತ್ತಿನಲ್ಲಿ ಕೊಡುವ ಇಂಜಿನ್ನಿಗೆ ಅಶ್ವಶಕ್ತಿ ಎರಡರಷ್ಟು. ಆದರೆ ಶಾಫ್ಟನ್ನು ತಿರುಚುವುದು ಟಾರ್ಕ್ ಮಾತ್ರ. ಉಕ್ಕಿನ ದಂಡಕ್ಕೆ ತನ್ನನ್ನು ಎಷ್ಟು ಜೋರಾಗಿ ತಿರುಚುತ್ತಿದ್ದಾರೆ ಎಂಬುದಷ್ಟೇ ಅನುಭವಕ್ಕೆ ಬರುತ್ತದೆ. ಎಷ್ಟು ಅಶ್ವಶಕ್ತಿ ಎಂದು ಅದಕ್ಕೆ ಹೇಳುವವರು ಯಾರೂ ಇಲ್ಲ.

ಆ ಟಾರ್ಕಾದರೂ ಇಂಜಿನ್ನಿನಿಂದ ನೇರ ಬರುವುದಿಲ್ಲ. ದಾರಿಯಲ್ಲಿ ಎರಡು ಕಡೆ ಗುಣಾಕಾರವಾಗುತ್ತದೆ. ಆ ಹುಡುಗನ ಕಮಾರೊವನ್ನೇ ತೆಗೆದುಕೊಳ್ಳೋಣ. ಇಂಜಿನ್ 750 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಗೇರಿನಲ್ಲಿ ಅದು 2.66 ಪಟ್ಟು, ಕ್ರೌನ್ ಪಿನಿಯನ್ನಿನಲ್ಲಿ 3.42 ಪಟ್ಟು. ಅಚ್ಚಿಗೆ ತಲುಪಬಹುದಾದದ್ದು ಸುಮಾರು 6,800. ಇನ್ನು ನನ್ನದು 1989ರ ಮಸ್ಟಾಂಗ್. ಅದರ ಇಂಜಿನ್ 450 ಅಶ್ವಶಕ್ತಿಯದು, ಟಾರ್ಕ್ 600ರ ಆಸುಪಾಸು. ಆದರೆ ನನ್ನ ಮೊದಲ ಗೇರು 3.27, ಹಿಂದಿನ ಅನುಪಾತ 4.10. ಲೆಕ್ಕ ಹಾಕಿದರೆ ಸುಮಾರು 8,000. ಅವನಿಗಿಂತ 150 ಅಶ್ವಶಕ್ತಿ ಕಡಿಮೆಯಿರುವ ನನ್ನ ಕಾರು ಅಚ್ಚಿನ ಕಡೆಗೆ ಅವನದಕ್ಕಿಂತ ಹೆಚ್ಚಿನ ತಿರುಚನ್ನು ಕಳಿಸುತ್ತದೆ. ಅಶ್ವಶಕ್ತಿ ನೋಡಿ ಅಚ್ಚು ಆರಿಸುವ ಕೋಷ್ಟಕ ಅವನಿಗೆ ದೊಡ್ಡದನ್ನೂ ನನಗೆ ಚಿಕ್ಕದನ್ನೂ ಕೊಡುತ್ತದೆ. ಕೋಷ್ಟಕ ಇಲ್ಲಿಗೇ ಸೋತಿತು.

ಆದರೆ ಇದಿನ್ನೂ ಅರ್ಧ ಸತ್ಯ. ಇಂಜಿನ್ ಕಳಿಸಿದ್ದೆಲ್ಲ ಅಚ್ಚಿನ ಮೇಲೆ ಹೊರೆಯಾಗಿ ಕೂರಬೇಕಾದರೆ ಆ ತುದಿಯಲ್ಲಿ ಯಾರಾದರೂ ಎದುರು ಹಿಡಿಯಬೇಕು. ಬಾವಿಯ ರಾಟೆಯ ಹಗ್ಗಕ್ಕೆ ಕೊಡ ಕಟ್ಟದಿದ್ದರೆ ಎಷ್ಟು ಬಲವಾಗಿ ಎಳೆದರೂ ಹಗ್ಗಕ್ಕೆ ಬಿಗಿ ಬರುವುದಿಲ್ಲ. ಇಲ್ಲಿ ಎದುರು ಹಿಡಿಯುವುದು ಟೈರು. ಅದು ರಸ್ತೆಯನ್ನು ಕಚ್ಚಿ ಹಿಡಿದಷ್ಟು ಹೊತ್ತು ಶಾಫ್ಟು ತಿರುಚಿಕೊಳ್ಳುತ್ತದೆ. ಹಿಡಿತ ತಪ್ಪಿ ಜಾರಿದ ಕ್ಷಣ ಹೊರೆ ಇಳಿಯುತ್ತದೆ. ಮಿಕ್ಕ ಶಕ್ತಿ ರಬ್ಬರಿನ ಹೊಗೆಯಾಗುತ್ತದೆ.

ಆ ಹಿಡಿತ ಎಷ್ಟು ಎಂದು ಯಾರಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. ಚಾಲಕನೂ ಸೇರಿ 1,600 ಕಿಲೋ ತೂಗುವ ಕಾರು. ನಿಂತಾಗ ಅದರ ನೂರಕ್ಕೆ 45 ಭಾಗ, ಅಂದರೆ 720 ಕಿಲೋ, ಹಿಂದಿನ ಚಕ್ರಗಳ ಮೇಲೆ. ಹೊರಡುವಾಗ ಭಾರ ಹಿಂದಕ್ಕೆ ವಾಲಿ ಅದು 880ರಷ್ಟಾಗುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ರಸ್ತೆ ಟೈರು ತನ್ನ ಮೇಲಿನ ಭಾರದಷ್ಟೇ ಬಲದಲ್ಲಿ ನೆಲವನ್ನು ಹಿಂದಕ್ಕೆ ತಳ್ಳಬಲ್ಲದು. ಟೈರಿನ ತ್ರಿಜ್ಯ 33 ಸೆಂಟಿಮೀಟರ್. ಎಲ್ಲ ಗುಣಿಸಿದರೆ ಎರಡೂ ಚಕ್ರ ಸೇರಿ ಅಚ್ಚಿನಿಂದ ಕೇಳಿ ಪಡೆಯಬಲ್ಲ ಗರಿಷ್ಠ ಟಾರ್ಕ್ ಸುಮಾರು 2,900 ನ್ಯೂಟನ್-ಮೀಟರ್. ಇಂಜಿನ್ ಕಳಿಸಬಲ್ಲದ್ದು 6,800 ಇರಲಿ, 8,000 ಇರಲಿ, 12,000 ಇರಲಿ. ಟೈರು ಒಪ್ಪಿಕೊಳ್ಳುವುದು 2,900. ಆನೆಭಾರ ಆನೆಗೆ, ಇರುವೆಭಾರ ಇರುವೆಗೆ. ರಸ್ತೆ ಟೈರಿನ ಮೇಲೆ ನಿಂತ ಅಚ್ಚಿನ ಭಾರವನ್ನು ಟೈರೇ ಅಳೆದುಕೊಡುತ್ತದೆ.

ಈಗ ಅದೇ ಕಾರಿಗೆ ಡ್ರ್ಯಾಗ್ ಪಂದ್ಯದ ಮೆತ್ತನೆಯ ಟೈರು ಹಾಕಿ, ಅಂಟು ಬಳಿದು ಸಿದ್ಧಪಡಿಸಿದ ಪಟ್ಟೆಯ ಮೇಲೆ ನಿಲ್ಲಿಸಿ. ಅಲ್ಲಿ ಟೈರು ತನ್ನ ಮೇಲಿನ ಭಾರದ ಎರಡರಷ್ಟು ಬಲದಲ್ಲಿ ಹಿಡಿಯಬಲ್ಲದು. ಭಾರವೂ ಇನ್ನಷ್ಟು ಹಿಂದಕ್ಕೆ ವಾಲುತ್ತದೆ. ಲೆಕ್ಕ ಸುಮಾರು 7,400ಕ್ಕೆ ಏರುತ್ತದೆ. ಇಂಜಿನ್ನಿನ ಒಂದು ಸ್ಕ್ರೂ ಮುಟ್ಟಿಲ್ಲ, ಅಶ್ವಶಕ್ತಿ ಒಂದಂಶವೂ ಹೆಚ್ಚಿಲ್ಲ. ಅಚ್ಚಿನ ಮೇಲಿನ ಹೊರೆ ಮಾತ್ರ ಎರಡೂವರೆ ಪಟ್ಟು. ಗೇರು ಬದಲಾದಂತೆ, ವೇಗ ಏರಿದಂತೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಮೇಲಿನ ಗೇರುಗಳಲ್ಲಿ ಗುಣಾಕಾರ ಇಳಿಯುವುದರಿಂದ ಅಚ್ಚಿಗೆ ಕೇಡಿನ ಕಾಲ ಹೊರಡುವ ಆ ಒಂದೆರಡು ಕ್ಷಣವೇ.

ಇದು ನನ್ನೊಬ್ಬನ ಲೆಕ್ಕವಾಗಿದ್ದರೆ ನಂಬಬೇಡಿ ಎನ್ನಬಹುದಿತ್ತು. 1960ರ ದಶಕದ ಕೊನೆಯಲ್ಲಿ ಕ್ರೈಸ್ಲರ್ ಕಂಪನಿಯ ಇಂಜಿನಿಯರುಗಳು ಏನು ಮಾಡಿದರು ನೋಡಿ. ಅವರ ಬಳಿ 426 ಘನ ಇಂಚಿನ ಹೆಮಿ ಇಂಜಿನ್ ಇತ್ತು, ಕಂಪನಿ ಜಾಹೀರು ಮಾಡಿದ್ದು 425 ಅಶ್ವಶಕ್ತಿ. ಅದೇ ಇಂಜಿನ್ನಿರುವ ಕಾರನ್ನು ನಾಲ್ಕು ಗೇರಿನ ಕ್ಲಚ್ ಗೇರ್‌ಬಾಕ್ಸಿನೊಡನೆ ಕೊಂಡರೆ 9¾ ಇಂಚು ಕ್ರೌನಿನ ಡೇನಾ 60 ಅಚ್ಚು ಬರುತ್ತಿತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಡನೆ ಕೊಂಡರೆ ಸಾಮಾನ್ಯವಾಗಿ 8¾ ಇಂಚಿನದು. ಇಂಜಿನ್ ಒಂದೇ, ಅಶ್ವಶಕ್ತಿ ಒಂದೇ, ಅಚ್ಚು ಎರಡು. ಶಕ್ತಿಯೇ ಅಳತೆಗೋಲಾಗಿದ್ದರೆ ಹೀಗೆ ಮಾಡುವ ಅಗತ್ಯವೇ ಇರಲಿಲ್ಲ. ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ಬೀಳುವ ಪೆಟ್ಟು ಆಟೋಮ್ಯಾಟಿಕ್ಕಿನ ಟಾರ್ಕ್ ಕನ್ವರ್ಟರಿನ ಎಣ್ಣೆಯ ಮೂಲಕ ಮೆಲ್ಲಗೆ ಏರುವ ಬಲದಂತಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಚ್ಚನ್ನು ಪೆಟ್ಟಿಗೆ ತಕ್ಕಂತೆ ಆರಿಸಿದರು.

ನಮ್ಮ ಲಾರಿ ಚಾಲಕರಿಗೂ ಇದು ಗೊತ್ತಿರುವ ಸಂಗತಿಯೇ. ಶಿರಾಡಿ ಘಾಟಿಯ ಏರಿನಲ್ಲಿ ಲೋಡು ತುಂಬಿದ ಲಾರಿ ನಿಂತಾಗ ಅನುಭವಸ್ಥ ಚಾಲಕ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಹೊರಡಿಸುತ್ತಾನೆ. ಹೊಸಬ ಕಾಲು ಕಿತ್ತರೆ ಲಾರಿ ಎಗರುತ್ತದೆ. ಕೆಲವೊಮ್ಮೆ ಅಲ್ಲೇ ಆಕ್ಸಲ್ ಕಟ್ಟಾಗುತ್ತದೆ. ಇಂಜಿನ್ ಅದೇ, ಲೋಡು ಅದೇ, ಕಾಲು ಬೇರೆ.

ಡ್ರ್ಯಾಗ್ ಪಂದ್ಯಗಳಿಗೆ ಕಾನೂನು ಬರೆಯುವ ಎನ್‌ಎಚ್‌ಆರ್‌ಎ, 1951ರಲ್ಲಿ ಸ್ಥಾಪನೆಯಾದ ಸಂಸ್ಥೆ, ಕಾರ್ಖಾನೆಯ ಶಾಫ್ಟು ತೆಗೆದು ಬಲವಾದ ಶಾಫ್ಟನ್ನೂ ಅದನ್ನು ಹಿಡಿದಿಡುವ ಪ್ರತ್ಯೇಕ ಕಟ್ಟನ್ನೂ ಹಾಕಲೇಬೇಕು ಎಂದು ಹೇಳುವುದು ಯಾವಾಗ? ಕಾಲು ಮೈಲಿಯನ್ನು 10.99 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಮುಗಿಸುವ ಕಾರಿಗೆ. ಅವರ ಅಳತೆ ಸೆಕೆಂಡು. ತೂಕ, ಟೈರು, ಗೇರು, ಹೊರಡುವ ರೀತಿ ಎಲ್ಲ ಸೇರಿ ಕಾರು ನೆಲದ ಮೇಲೆ ನಿಜಕ್ಕೂ ಏನು ಮಾಡಿತು ಎಂಬುದು ಆ ಸೆಕೆಂಡಿನಲ್ಲಿದೆ. ಇಂಜಿನ್ನನ್ನು ಯಂತ್ರದ ಮೇಲೆ ಕೂರಿಸಿ ಓದಿದ ಸಂಖ್ಯೆಯಲ್ಲಿ ಅದು ಇಲ್ಲ.

ಇಲ್ಲಿ ಎದುರಾಳಿ ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು. ಟೈರೇ ಹೊರೆಗೆ ಮಿತಿ ಹಾಕುತ್ತದೆ ಎಂದಾದರೆ ರಸ್ತೆ ಟೈರಿನ ಕಾರುಗಳ ಅಚ್ಚುಗಳು ಯಾಕೆ ಮುರಿಯುತ್ತವೆ? ಮುರಿಯುತ್ತವೆ, ನಿಜ. ನನ್ನದೇ ಮುರಿದಿದೆ. ಉತ್ತರ ಇರುವುದು ಆ ಮುರಿತದಲ್ಲಿಯೇ.

ಟೈರು ಫ್ಯೂಸಿನಂತೆ ಕೆಲಸ ಮಾಡಬೇಕಾದರೆ ಅದು ನಯವಾಗಿ ಜಾರಬೇಕು. ಕೆಲವು ಕಾರುಗಳಲ್ಲಿ ಹಾಗಾಗುವುದಿಲ್ಲ. ಅಚ್ಚನ್ನು ಕಾರಿನ ಒಡಲಿಗೆ ಕಟ್ಟಿರುವ ತೋಳುಗಳ ರಬ್ಬರ್ ಬುಷ್‌ಗಳು ಸವೆದಿದ್ದರೆ ಇಡೀ ಅಚ್ಚು ತಿರುಚಿಕೊಂಡು ಸ್ಪ್ರಿಂಗಿನಂತೆ ಬಿಗಿಯುತ್ತದೆ. ಟೈರು ಜಾರುತ್ತದೆ, ಅಚ್ಚು ಬಿಡಿಸಿಕೊಂಡು ಮೇಲೆಗರುತ್ತದೆ, ಮತ್ತೆ ಕೆಳಗಪ್ಪಳಿಸುತ್ತದೆ, ಟೈರು ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ನಡೆಯುತ್ತದೆ. ಗ್ಯಾರೇಜಿನವರು ಇದನ್ನು ವೀಲ್ ಹಾಪ್ ಎನ್ನುತ್ತಾರೆ, ಚಕ್ರದ ಕುಪ್ಪಳಿಕೆ. ಗಾಳಿಯಲ್ಲಿ ವೇಗವಾಗಿ ತಿರುಗುತ್ತಿದ್ದ ಚಕ್ರ ನೆಲ ಮುಟ್ಟಿ ತಟ್ಟನೆ ನಿಧಾನವಾದಾಗಲೆಲ್ಲ ಚಕ್ರ, ಶಾಫ್ಟು, ಫ್ಲೈವೀಲ್‌ಗಳ ಓಟವೆಲ್ಲ ಒಂದು ಸುತ್ತಿಗೆ ಪೆಟ್ಟಾಗಿ ಶಾಫ್ಟಿನ ಮೇಲೂ ಪಿನಿಯನ್ ಹಲ್ಲಿನ ಮೇಲೂ ಬೀಳುತ್ತದೆ. ಮೇಲೆ ಹಾಕಿದ 2,900ರ ಲೆಕ್ಕ ಆಗ ನಡೆಯುವುದಿಲ್ಲ. ಫ್ಯೂಸ್ ಕೆಟ್ಟ ಮನೆಯಂತೆ.

ನನ್ನ ಮಸ್ಟಾಂಗಿಗೆ ಆದದ್ದು ಇದೇ. ಒಂದು ಸಂಜೆ ಪಂದ್ಯದ ಪಟ್ಟೆಯಲ್ಲಿ ಹೊರಡುವಾಗ ಹಿಂಭಾಗ ದಡದಡನೆ ಕುಣಿದು ಬಲಗಡೆಯ ಶಾಫ್ಟು ಕಟ್ಟಾಯಿತು. ಕಾರ್ಖಾನೆಯಿಂದ ಬಂದದ್ದು 8.8 ಇಂಚಿನ ಅಚ್ಚು, 28 ಹಲ್ಲುಗೀರಿನ (ಶಾಫ್ಟಿನ ತುದಿಯಲ್ಲಿ ಕೊರೆದ ಸ್ಪ್ಲೈನ್; ಹೆಚ್ಚಿದ್ದಷ್ಟೂ ಶಾಫ್ಟು ದಪ್ಪ) ತೆಳು ಶಾಫ್ಟು. ಹತ್ತಿರದ ಗ್ಯಾರೇಜಿನವರು ಕಾರನ್ನು ಮೇಲೆತ್ತಿ ನೋಡುವ ಮೊದಲೇ ತೀರ್ಪು ಕೊಟ್ಟರು: 450 ಅಶ್ವಶಕ್ತಿಗೆ ಒಂಬತ್ತು ಇಂಚೇ ಬೇಕು. ನಂಬಿದೆ. ಒಂದು ವರ್ಷದ ಉಳಿತಾಯ ಸುರಿದು ಹಾಕಿಸಿದೆ. ಮುಂದಿನ ತಿಂಗಳು ಅದೇ ಪಟ್ಟೆಯಲ್ಲಿ ಹಿಂಭಾಗ ಹಿಂದಿನಂತೆಯೇ ಕುಣಿಯಿತು. ಈ ಸಲ ಶಾಫ್ಟು ಉಳಿಯಿತು. ಹಿಂದಿನ ತೋಳುಗಳು ಒಡಲಿಗೆ ಸೇರುವ ಕಡೆಯ ತಗಡು ಹರಿದು ಬಾಯ್ಬಿಟ್ಟಿತು. ಆ ಕಾಲದ ಮಸ್ಟಾಂಗ್‌ಗಳಲ್ಲಿ ಅದು ಬಲ್ಲವರೆಲ್ಲ ಬಲ್ಲ ದುರ್ಬಲ ಜಾಗ. ಪೆಟ್ಟು ಅಷ್ಟೇ ಇತ್ತು, ಮುರಿಯುವ ಜಾಗ ಮಾತ್ರ ಬದಲಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ನನ್ನ ಖರ್ಚು. ಬುಷ್‌ಗಳನ್ನು ಬಿಚ್ಚಿ ನೋಡಿದರೆ ರಬ್ಬರು ಪುಡಿಪುಡಿ. ಅವುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಿ, ಪಿನಿಯನ್ನಿನ ಕೋನ ಸರಿಪಡಿಸಿದ ಮೇಲೆ ಕುಣಿತ ನಿಂತಿತು. ಆ ಕೆಲಸಕ್ಕೆ ತಗುಲಿದ್ದು ಅಚ್ಚಿಗೆ ಕೊಟ್ಟದ್ದರಲ್ಲಿ ಒಂದು ಚೂರು.

ಕುಪ್ಪಳಿಕೆ ಇದೆ ಎಂಬುದು ಫೋರ್ಡ್ ಕಂಪನಿಗೇ ಗೊತ್ತಿತ್ತು. 1980ರ ದಶಕದ ನಡುವೆ ಅವರು ಶಕ್ತಿಶಾಲಿ ಮಸ್ಟಾಂಗ್‌ಗಳ ಅಚ್ಚಿಗೆ ಮಾಮೂಲಿ ಎರಡು ಶಾಕ್ ಅಬ್ಸಾರ್ಬರುಗಳ ಜೊತೆಗೆ ಅಡ್ಡಡ್ಡ ಇನ್ನೆರಡನ್ನು ಕೂರಿಸಿದರು, ಈ ತಿರುಚಾಟವನ್ನು ತಡೆಯಲೆಂದೇ. ಕಂಪನಿ ಮದ್ದು ಹಚ್ಚಿದ ಜಾಗದಲ್ಲೇ ರೋಗ ಇದೆ ಎಂದು ತಿಳಿಯಬೇಕಿತ್ತು. ಬದಲಿಗೆ ದೊಡ್ಡ ಅಚ್ಚಿನ ಭಕ್ತರು ಅದನ್ನು ಬಿಚ್ಚಿ ಮೂಲೆಗೆಸೆದು ಇನ್ನೂ ದಪ್ಪ ಉಕ್ಕನ್ನು ಹುಡುಕಿಕೊಂಡು ಹೋಗುತ್ತಾರೆ.

ಇನ್ನು "ಒಂಬತ್ತು ಇಂಚು" ಎಂಬ ಹೆಸರಿನ ಮಾತು. ಅದರ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಬೇರೆ ಅಚ್ಚುಗಳಲ್ಲಿ ಪಿನಿಯನ್ನಿನ ತಲೆ ಒಂದೇ ಕಡೆಯಿಂದ ಆಧಾರ ಪಡೆದು ಚಾಚಿಕೊಂಡಿದ್ದರೆ ಇದರಲ್ಲಿ ಅದರ ಮೂಗಿಗೂ ಒಂದು ಬೇರಿಂಗ್ ಇದೆ. ಹೊರೆ ಬಿದ್ದಾಗ ಪಿನಿಯನ್ ಬಾಗುವುದಿಲ್ಲ. ಕ್ರೌನ್ ಪಿನಿಯನ್ನಿನ ಇಡೀ ಗಂಟನ್ನು ಮುಂದಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು ಕೆಲಸ ಮಾಡಬಹುದು. ಆದರೆ ಹೆಸರು ಬಲ ಕೊಡುವುದಿಲ್ಲ. ಗುಜರಿಯಿಂದ ತಂದ ಹಳೆಯ ಒಂಬತ್ತು ಇಂಚಿನೊಳಗೆ 28 ಹಲ್ಲುಗೀರಿನ ಶಾಫ್ಟೇ ಇರಬಹುದು, ಸಾಧಾರಣ ಎರಕದ ಕೇಸೇ ಇರಬಹುದು. ಶಾಫ್ಟು ತಿರುಚನ್ನು ತಡೆಯುವ ಬಲ ಅದರ ವ್ಯಾಸದ ಘನದಂತೆ ಏರುತ್ತದೆ. ವ್ಯಾಸ ಕಾಲುಭಾಗ ಹೆಚ್ಚಿದರೆ ಬಲ ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ಶಾಫ್ಟಿನ ಮಟ್ಟಿಗೆ ಚಿಕ್ಕ ಕ್ರೌನಿನ ಅಚ್ಚಿನಲ್ಲಿರುವ ದಪ್ಪ ಶಾಫ್ಟು ದೊಡ್ಡ ಕ್ರೌನಿನ ಅಚ್ಚಿನಲ್ಲಿರುವ ತೆಳು ಶಾಫ್ಟಿಗಿಂತ ಗಟ್ಟಿ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಬಂದ 8.8 ಇಂಚಿನ ಅಚ್ಚಿಗೆ ಕಾರ್ಖಾನೆಯಿಂದಲೇ 31 ಹಲ್ಲುಗೀರಿನ ಶಾಫ್ಟು, 1995ರಿಂದ ಡಿಸ್ಕ್ ಬ್ರೇಕು. ಅದರ ಕೊಳವೆಗಳು ನಡುವಿನ ಎರಕದೊಳಗೆ ತಿರುಗದಂತೆ ಸುತ್ತಲೂ ವೆಲ್ಡ್ ಮಾಡಿಸಿದರೆ ರಸ್ತೆಯ ಕಾರಿಗೆ ಅದು ಧಾರಾಳ.

ದೊಡ್ಡ ಅಚ್ಚು ಪುಕ್ಕಟೆಯೂ ಅಲ್ಲ. ಫೋರ್ಡ್ ಒಂಬತ್ತು ಇಂಚಿನಲ್ಲಿ ಪಿನಿಯನ್ನಿನ ನಡುಗೆರೆ ಕ್ರೌನಿನ ನಡುಗೆರೆಗಿಂತ ಸುಮಾರು 60 ಮಿಲಿಮೀಟರ್ ಕೆಳಗಿದೆ. ಜನರಲ್ ಮೋಟಾರ್ಸ್‌ನ ಹನ್ನೆರಡು ಬೋಲ್ಟಿನ ಅಚ್ಚಿನಲ್ಲಿ ಇದು ಸುಮಾರು 38. ಹೀಗೆ ಕೆಳಗಿಟ್ಟಷ್ಟೂ ಹೆಚ್ಚು ಹಲ್ಲುಗಳು ಒಟ್ಟಿಗೆ ಕಚ್ಚಿಕೊಳ್ಳುತ್ತವೆ, ಬಲ ಬರುತ್ತದೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದಕ್ಕಿಂತ ಉಜ್ಜುವುದು ಹೆಚ್ಚಾಗುತ್ತದೆ. ಉಜ್ಜಿದಷ್ಟೂ ಶಾಖ, ಶಾಖವಾದಷ್ಟೂ ಇಂಜಿನ್ನಿನ ಶಕ್ತಿ ವ್ಯರ್ಥ. ದೊಡ್ಡ ಅಚ್ಚಿಗೆ ತೂಕವೂ ಹೆಚ್ಚು, ಅಚ್ಚಿನ ತೂಕವನ್ನು ಸ್ಪ್ರಿಂಗು ಹೊರುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಆ ತೂಕ ಚಕ್ರದ ಜೊತೆಗೇ ಎಗರಿ ಬೀಳುತ್ತದೆ, ಮತ್ತು ಯಾವ ಹಿಡಿತಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಆ ಹಿಡಿತವನ್ನೇ ಕಡಿಮೆ ಮಾಡುತ್ತದೆ.

ಇನ್ನೊಂದು ಅಪಾಯವಿದೆ, ಅದು "ಬಲವಾದದ್ದು" ಎಂಬ ಪದದಲ್ಲೇ ಅಡಗಿದೆ. ಪಂದ್ಯದ ಕ್ರೌನ್ ಪಿನಿಯನ್‌ಗಳನ್ನು 9310 ಎಂಬ ಉಕ್ಕಿನಲ್ಲಿ ಮಾಡುತ್ತಾರೆ. ಅದು ಪೆಟ್ಟನ್ನು ತಡೆದುಕೊಳ್ಳುವ, ಬಿರುಕು ಬಿಡದೆ ಬಾಗುವ ಉಕ್ಕು. ಆದರೆ ರಸ್ತೆಯಲ್ಲಿ ದಿನವೂ ಗಂಟೆಗಟ್ಟಲೆ ಉಜ್ಜಿಸಿಕೊಂಡರೆ ಬೇಗ ಸವೆಯುತ್ತದೆ. ರಸ್ತೆಗೆ ತಕ್ಕದ್ದು 8620 ಉಕ್ಕಿನ, ಮೇಲ್ಮೈ ಗಟ್ಟಿಮಾಡಿದ ಹಲ್ಲು. ಹಾಗೆಯೇ ಸ್ಪೂಲ್: ಡಿಫರೆನ್ಷಿಯಲ್ಲನ್ನೇ ಕಿತ್ತು ಎರಡೂ ಚಕ್ರಗಳನ್ನು ಒಂದೇ ದಂಡಕ್ಕೆ ಬಿಗಿದಂತೆ. ನೇರ ಪಟ್ಟೆಯಲ್ಲಿ ಅದಕ್ಕಿಂತ ಸರಳ, ಗಟ್ಟಿ ಸಾಧನವಿಲ್ಲ. ಆದರೆ ರಸ್ತೆಯ ಪ್ರತಿ ತಿರುವಿನಲ್ಲೂ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಹೋಗಬೇಕು. ಸ್ಪೂಲ್ ಇದ್ದರೆ ಒಂದು ಟೈರು ತೆವಳಲೇಬೇಕು, ಎರಡು ಶಾಫ್ಟುಗಳೂ ಒಂದಕ್ಕೊಂದು ಎದುರಾಗಿ ತಿರುಚಿಕೊಳ್ಳಲೇಬೇಕು. ಮಳೆ ಬಿದ್ದ ತಿರುವಿನಲ್ಲಿ ಇದು ಜೀವಕ್ಕೆ ಕುತ್ತು. ಕಾಲು ಮೈಲಿಗೆ ಬಲವಾದದ್ದು ರಸ್ತೆಗೂ ಬಲವಾದದ್ದು ಎಂದು ಹೇಳುವವರು ರಸ್ತೆಯನ್ನು ಮರೆತಿದ್ದಾರೆ. ಹಾಟ್ ರಾಡ್ ಪತ್ರಿಕೆ 2005ರಲ್ಲಿ ಆರಂಭಿಸಿದ ಡ್ರ್ಯಾಗ್ ವೀಕ್ ಸ್ಪರ್ಧೆಯಲ್ಲಿ ಕಾರುಗಳು ಐದು ದಿನ ಪಟ್ಟೆಯಿಂದ ಪಟ್ಟೆಗೆ ಸುಮಾರು ಸಾವಿರ ಮೈಲಿ ಸಾಮಾನ್ಯ ರಸ್ತೆಯಲ್ಲೇ ಓಡಿ ಹೋಗಬೇಕು. ಒಂದೇ ಅಚ್ಚು ಪಂದ್ಯದ ಪೆಟ್ಟನ್ನೂ ಹೆದ್ದಾರಿಯ ಶಾಖವನ್ನೂ ತಾಳಬೇಕಾದ ಪರೀಕ್ಷೆ ಅದು. ರಸ್ತೆಯ ಕಾರು ಎಂಬ ಹೆಸರಿಗೆ ಅರ್ಥ ಬರುವುದು ಅಲ್ಲಿ.

ಕೂರಿಸುವ ಕೈಯ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಬಿಡಬೇಕಾದ ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್, ಎರಡು ಮೂರು ಕೂದಲೆಳೆಯ ದಪ್ಪ. ಪಿನಿಯನ್ ಎಷ್ಟು ಆಳ ಕೂರಬೇಕು ಎಂಬುದೂ ಅಷ್ಟೇ ಸೂಕ್ಷ್ಮ. ಹಲ್ಲಿಗೆ ಬಣ್ಣದ ಲೇಪ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ತೆಳು ಶಿಮ್‌ಗಳನ್ನು ಹಾಕಿ ತೆಗೆದು ಮಾಡುವ ತಾಳ್ಮೆಯ ಕೆಲಸ ಅದು. ಗುರುತು ಹಲ್ಲಿನ ಅಂಚಿಗೆ ಬಿದ್ದರೆ ಇಡೀ ಹೊರೆ ಆ ಅಂಚಿನ ಮೇಲೆ. ಜಗತ್ತಿನ ಅತಿ ದೊಡ್ಡ ಕ್ರೌನ್ ಕೂಡ ಊಳಿಟ್ಟು ಸಾಯುತ್ತದೆ. ಹೊಸ ಹಲ್ಲುಗಳನ್ನು ಮೊದಲ ಐನೂರು ಮೈಲಿ ಮೆಲ್ಲಗೆ, ಕಾಯಿಸಿ ತಣಿಸಿ ಓಡಿಸಿ, ಎಣ್ಣೆ ಬದಲಿಸಬೇಕು. ನನ್ನ ದುಬಾರಿ ಅಚ್ಚು ಮೊದಲ ವಾರವೇ ಹೆದ್ದಾರಿಯಲ್ಲಿ ಊಳಿಟ್ಟಿತ್ತು. ಬಿಚ್ಚಿಸಿದಾಗ ಸಡಿಲ ಬೇಕಾದ್ದಕ್ಕಿಂತ ಎರಡರಷ್ಟಿತ್ತು. ಚೆನ್ನಾಗಿ ಕೂರಿಸಿದ ಮಧ್ಯಮ ಅಚ್ಚು ಕೆಟ್ಟದಾಗಿ ಕೂರಿಸಿದ ದೈತ್ಯನಿಗಿಂತ ಬಹುಕಾಲ ಬಾಳುತ್ತದೆ.

"ಆದರೂ ದೊಡ್ಡದು ಹಾಕಿಸಿದರೆ ಸುರಕ್ಷತೆ ಹೆಚ್ಚಲ್ಲವೇ?" ಎಂಬುದು ಅವರ ಕೊನೆಯ ಬಾಣ. ಸುರಕ್ಷತೆಯ ಮಾತಿಗೆ ನಾನೂ ತಲೆಬಾಗುತ್ತೇನೆ. ಆದ್ದರಿಂದಲೇ ಹೇಳುತ್ತೇನೆ, ಸುರಕ್ಷತೆ ಕ್ರೌನಿನ ವ್ಯಾಸದಲ್ಲಿಲ್ಲ. ಜನರಲ್ ಮೋಟಾರ್ಸ್‌ನ ಹತ್ತು ಮತ್ತು ಹನ್ನೆರಡು ಬೋಲ್ಟಿನ ಅಚ್ಚುಗಳಲ್ಲಿ, ಫೋರ್ಡ್ 8.8ರಲ್ಲಿ, ಶಾಫ್ಟನ್ನು ಒಳತುದಿಯಲ್ಲಿ ಒಂದು ಪುಟ್ಟ ಸಿ-ಕ್ಲಿಪ್ ಹಿಡಿದಿರುತ್ತದೆ. ಶಾಫ್ಟು ನಡುವೆ ಮುರಿದರೆ ಹೊರಗಿನ ತುಂಡಿಗೆ ಹಿಡಿತವೇ ಇಲ್ಲ. ಚಕ್ರಸಮೇತ ಕಾರಿನಿಂದ ಹೊರಬರಬಹುದು. ಒಂಬತ್ತು ಇಂಚಿನಲ್ಲಿ, ಡೇನಾ 60ರಲ್ಲಿ ಶಾಫ್ಟನ್ನು ಹೊರತುದಿಯ ಬೇರಿಂಗಿನ ಬಳಿಯೇ ಕಟ್ಟಿರುತ್ತಾರೆ. ಈ ಒಂದು ಅಂಶದಲ್ಲಿ ಅವು ನಿಜಕ್ಕೂ ಮೇಲು. ಆದರೆ 8.8ರ ಕೊಳವೆಗೂ ಅಂಥದೇ ಹೊರತುದಿಯನ್ನು ವೆಲ್ಡ್ ಮಾಡಿಸಬಹುದು. ಅಂಟುವ ಟೈರು ಹಾಕುವವನು ಮೊದಲು ಖರ್ಚು ಮಾಡಬೇಕಾದದ್ದು ಅಲ್ಲಿ.

ಹಾಗಾದರೆ ಆರಿಸುವುದು ಹೇಗೆ? ಪ್ರಶ್ನೆಗಳ ಸಾಲನ್ನು ತಿರುಗಿಸಿದರೆ ಸಾಕು. ಟೈರು ಯಾವುದು, ನೆಲ ಯಾವುದು? ಕಾರಿನ ತೂಕವೆಷ್ಟು? ಹೊರಡಿಸುವುದು ಕ್ಲಚ್ಚೋ ಕನ್ವರ್ಟರೋ? ಹಿಂಭಾಗ ಕುಪ್ಪಳಿಸುತ್ತದೆಯೇ? ಕುಪ್ಪಳಿಸಿದರೆ ಅದು ನಿಲ್ಲುವವರೆಗೆ ಬೇರೇನನ್ನೂ ಕೊಳ್ಳಬೇಡಿ. ಆಮೇಲೆ ಶಾಫ್ಟಿನ ದಪ್ಪ, ಚಕ್ರವನ್ನು ಹಿಡಿದಿಡುವ ಕಟ್ಟು, ಡಿಫರೆನ್ಷಿಯಲ್ಲಿನ ಬಗೆ, ಕೂರಿಸುವ ಕೈ. ಕ್ರೌನಿನ ವ್ಯಾಸ ಇವುಗಳ ನಂತರ. ಅಶ್ವಶಕ್ತಿಗೆ ಈ ಸಾಲಿನಲ್ಲಿ ಜಾಗವೇ ಬೇಕಾಗುವುದಿಲ್ಲ. ಅದರಲ್ಲಿ ಅಚ್ಚಿಗೆ ತಲುಪುವಷ್ಟು ಭಾಗ ಮೊದಲ ಪ್ರಶ್ನೆಗಳಲ್ಲೇ ಬಂದುಹೋಗಿರುತ್ತದೆ.

ವುಡ್‌ವರ್ಡ್ ಪಕ್ಕದಲ್ಲಿ ಆ ಹುಡುಗನನ್ನು ನಾನು ಮೊದಲು ಕೇಳಿದ್ದೂ ಇದನ್ನೇ: "ಹಿಂದೆ ಯಾವ ಟೈರು ಹಾಕಿದ್ದೀಯ?"

"ಕಾರ್ಖಾನೆಯ ಅಳತೆಯ ಮಾಮೂಲಿ ಟೈರು, ಅಣ್ಣ. ಬರುವ ಬೇಸಿಗೆಗೆ ಪಟ್ಟೆಗೆ ಹೋಗೋಣ ಅಂತ ಡ್ರ್ಯಾಗ್ ಟೈರು ನೋಡಿಟ್ಟಿದ್ದೀನಿ. ಕ್ಲಚ್ ಗೇರು."

ಅವನ ಕಮಾರೊಗೆ ಕಾರ್ಖಾನೆ ಕೊಟ್ಟದ್ದು ಏಳೂವರೆ ಇಂಚಿಗಿಂತ ತುಸು ದೊಡ್ಡ ಕ್ರೌನಿನ ಅಚ್ಚು, ಶಾಫ್ಟು 28 ಹಲ್ಲುಗೀರಿನದು, ಸಿ-ಕ್ಲಿಪ್ಪಿನ ಕಟ್ಟು. ಕ್ಲಚ್ ಬಿಟ್ಟು ಅಂಟುವ ಟೈರಿನ ಮೇಲೆ ಹೊರಡುವ ಕಾರಿಗೆ ಅದು ಸಾಲದು. ಹಾಗೆಂದೇ ಹೇಳಿದೆ. "ಬದಲಿಸು, ತಮ್ಮ. ಆ ಟೈರು ಹಾಕುವ ದಿನದ ಮೊದಲೇ ಬದಲಿಸು. ಇಂಜಿನ್ 600ರ ಬದಲು 350 ಇದ್ದಿದ್ದರೂ ಇದನ್ನೇ ಹೇಳುತ್ತಿದ್ದೆ. ಆ ಟೈರು ಹಾಕುವುದಿಲ್ಲ ಎನ್ನುವುದಾದರೆ ಈಗಿನದನ್ನೇ ಇಟ್ಟುಕೊಂಡು, ಬುಷ್ ನೋಡಿಸಿ, ಎಣ್ಣೆ ಬದಲಿಸಿ, ಮೆಲ್ಲಗೆ ಹೊರಡಿಸಿಕೊಂಡು ಓಡಿಸು."

ಅವನು ಕೆಳಗೆ ಕೂತು ಹಿಂದಿನ ಚಕ್ರದ ಟೈರಿನ ಗೀರುಗಳ ಮೇಲೆ ಬೆರಳಾಡಿಸಿದ. ಇಂಜಿನ್ನಿನ ಬಾನೆಟ್ಟು ತೆಗೆದು ತೋರಿಸುವ ಆತುರದಲ್ಲಿದ್ದವನು ಅವತ್ತು ಮೊದಲ ಸಲ ಕಾರಿನ ಹಿಂಭಾಗವನ್ನು ನೋಡುತ್ತಿದ್ದ. ಅಚ್ಚಿನ ಪ್ರಶ್ನೆಗೆ ಉತ್ತರ ಸಿಗುವ ಜಾಗ ಅದೇ: ರಬ್ಬರು ರಸ್ತೆಯನ್ನು ಮುಟ್ಟುವ, ಅಂಗೈ ಅಗಲದ ಆ ಜಾಗ.